ಚಕ್ರಕ್ಕೆ ಮೆತ್ತಿದ ಮುದ್ದೆ

ಇವತ್ತು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆಗೆ ಮುದ್ದೆ ಬಿದ್ದ ಕೂಡಲೇ ಅಭ್ಯಾಸಬಲದಿಂದ ಒಂದು ತುಂಡು ಮುರಿದು ಅಂಗೈಯಲ್ಲಿ ತೂಗಿ ನೋಡಿದೆ. ಎದುರಿಗಿದ್ದ ಧಾರವಾಡದ ಸಹೋದ್ಯೋಗಿ, "ಏನ್ರೀ ಮೇಡಂ, ಮುದ್ದಿ ತಿಂತೀರೋ ತೂಕಾ ಮಾಡ್ತೀರೋ?" ಎಂದು ನಕ್ಕರು. ಎರಡೂ ಮಾಡುತ್ತೇನೆ. ಯಾಕೆಂದು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಕೆಜಿಎಫ್‌ನಲ್ಲಿ ಮೆಕ್ಯಾನಿಕಲ್ ಓದುವಾಗ ನನ್ನನ್ನು ಕೆಡವಿದ್ದು ಒಂದೇ ವಿಷಯ, ಯಂತ್ರಗಳ ಚಲನಶಾಸ್ತ್ರ. ಪಾಠವೇನೋ ಚೆನ್ನಾಗಿಯೇ ಅರ್ಥವಾಗಿತ್ತು, ಈ ಮಾತನ್ನು ಈಗಲೂ ಬಿಟ್ಟುಕೊಡುವುದಿಲ್ಲ. ಊರಿಗಾಂನ ಗೆಳತಿ ತಮಿಳಿನಲ್ಲಿ ವಿವರಿಸುತ್ತಿದ್ದಳು, ನಾನು ಕನ್ನಡಕ್ಕೆ ತೆಲುಗು ಬೆರೆಸಿ ವಾದ ಮಾಡುತ್ತಿದ್ದೆ. ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿತ್ತು. ಅವಳು ಪಾಸಾದಳು.

ಸುದ್ದಿ ಕೇಳಿ ಕ್ಯಾಸಂಬಳ್ಳಿ ಹತ್ತಿರದ ನಮ್ಮ ಮನೆಗೆ ಸೋದರಮಾವ ಬಂದಿಳಿದ. ಯಾರೂ ಕೇಳದ ಸಲಹೆ ಕೊಡುವುದರಲ್ಲಿ ಅವನದು ಎತ್ತಿದ ಕೈ.

"ಕಬ್ಬಿಣದ ಓದು ಎಣ್ಮಕ್ಕಳಿಗೆ ಒಗ್ಗಲ್ಲ ಭಾವ. ಬಂಗಾರಪೇಟೆಲಿ ಬಿ.ಕಾಂ.ಗೆ ಸೇರ್ಸಿ."

ಮಾವ ಬಸ್ಸು ಹತ್ತಿದ ಮೇಲೆ ಅಪ್ಪ ನನ್ನನ್ನು ಕರೆದ.

"ಅದ್ಯಾವ್ದಮ್ಮ, ನೀನು ಡುಮ್ಕಿ ಒಡ್ದಿರೋ ಸಬ್ಜೆಕ್ಟು?"

"ತಿರುಗೋ ಚಕ್ರ ಯಾಕೆ ಅದುರುತ್ತೆ, ಅದ್ನ ಎಂಗೆ ನಿಲ್ಸೋದು, ಅದೇ ಅಪ್ಪ."

"ಅಂಗಾದ್ರೆ ನಮ್ ಮಿಷನ್ ಯಾಕೆ ಅದುರುತ್ತೆ ನೋಡು."

ನಮ್ಮ ಕೊಟ್ಟಿಗೆಯ ಮೇವು ಕತ್ತರಿಸುವ ಮಿಷನ್ ಶುರುವಾದರೆ ಪಕ್ಕದ ಮನೆಯ ಪಾತ್ರೆಗಳೂ ಮಾತಾಡುತ್ತಿದ್ದವು. ನಾನು ಬೆಲ್ಟ್ ಬಿಚ್ಚಿ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬಿಟ್ಟೆ. ಎಷ್ಟು ಸಲ ಬಿಟ್ಟರೂ ಹೊಸ ಬ್ಲೇಡು ಹಾಕಿಸಿದ್ದ ಕಡೆಯೇ ಕೆಳಗೆ ಬಂದು ನಿಂತಿತು. ಅಂದರೆ ಆ ಕಡೆ ಭಾರ, ಎದುರು ಕಡೆಗೆ ತೂಕ ಸೇರಬೇಕು. ಎಷ್ಟು ಸೇರಬೇಕು? ಕಾಲೇಜಿನಲ್ಲಾದರೆ ಮೇಣ ಅಂಟಿಸಿ ನೋಡುತ್ತಿದ್ದೆವು. ಮನೆಯಲ್ಲಿ ಅಮ್ಮ ಆಗಷ್ಟೇ ಮುದ್ದೆ ಕಟ್ಟಿದ್ದಳು.

"ತಿನ್ನೋದ್ನ ತಕ್ಕೊಂಡೋಗಿ ಚಕ್ರಕ್ಕೆ ಮೆತ್ತೀಯೇನೇ?" ಎಂದು ಅಮ್ಮ ಬೈಯುತ್ತಲೇ ಇದ್ದಳು. ನಾನು ಮೆತ್ತಿದೆ, ಚಿವುಟಿದೆ, ಮತ್ತೆ ಮೆತ್ತಿದೆ. ಕೊನೆಗೆ ಚಕ್ರ ಬಿಟ್ಟ ಕಡೆ ಬಿಟ್ಟ ಹಾಗೇ ನಿಂತಿತು. ಹೆಮ್ಮೆಯಿಂದ ಅಪ್ಪನನ್ನು ಕರೆದುಕೊಂಡು ಬರುವಷ್ಟರಲ್ಲಿ ನಮ್ಮ ಜರ್ಸಿ ಹಸು ಕತ್ತು ಚಾಚಿ ಮುದ್ದೆಯನ್ನೆಲ್ಲ ನೆಕ್ಕಿ, ಚಕ್ರವನ್ನು ಹಬ್ಬಕ್ಕೆ ತೊಳೆದಂತೆ ಹೊಳೆಯಿಸಿತ್ತು. ಆ ಮುದ್ದೆಯನ್ನು ನಾನಿನ್ನೂ ತೂಗಿ ನೋಡಿರಲಿಲ್ಲ. ಇಂಥ ಅಪಾಯದ ಬಗ್ಗೆ ಯಾವ ಪಠ್ಯಪುಸ್ತಕವೂ ಎಚ್ಚರಿಸಿರಲಿಲ್ಲ.

ಅಮ್ಮ ಬೈಗುಳ ನಿಲ್ಲಿಸಿ ಇನ್ನೊಂದು ಮುದ್ದೆ ತಂದುಕೊಟ್ಟಳು. ಈ ಸಲ ಹಸುವನ್ನು ಹೊರಗೆ ಕಟ್ಟಿದೆ. ಚಕ್ರ ಮತ್ತೆ ಸಮಕ್ಕೆ ಬಂದ ಮೇಲೆ ಮುದ್ದೆಯನ್ನು ಬಿಡಿಸಿ, ಅಂಗಡಿಯ ತಕ್ಕಡಿಯಲ್ಲಿ ತೂಗಿ, ಅಷ್ಟೇ ತೂಕದ ಕಬ್ಬಿಣವನ್ನು ಅದೇ ಜಾಗಕ್ಕೆ ವೆಲ್ಡಿಂಗ್ ಮಾಡಿಸಿದೆ. ಮಿಷನ್ ಹಾಕಿದಾಗ ಅಪ್ಪ ಅದರ ಕಾಲಿನ ಮೇಲೆ ಕೈಯಿಟ್ಟು ಬಹಳ ಹೊತ್ತು ತೆಗೆಯಲೇ ಇಲ್ಲ.

"ಸೋಮವಾರದಿಂದ ಕಾಲೇಜ್‌ಗೆ ಓಗು. ನಿನ್ ಮಾವಂಗೆ ನಾನ್ ಏಳ್ತೀನಿ."

ಹೋದೆ, ಬರೆದೆ, ಪಾಸಾದೆ. ಆ ಮುದ್ದೆಯೇ ನನ್ನ ಓದು ಉಳಿಸಿತೆಂದು ಇಷ್ಟು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಇವತ್ತು ಕಥೆ ಮುಗಿದಾಗ ಧಾರವಾಡದವರು, "ನಿಮ್ಮೂರಾಗ ರಿಪೇರಿ ಮಾಡೋರು ಯಾರೂ ಇರಲಿಲ್ಲೇನ್ರೀ?" ಎಂದರು. ಇದ್ದ, ಬಂಗಾರಪೇಟೆಯಲ್ಲಿ. ಪಂಪು ಕೆಟ್ಟರೆ ಅಪ್ಪ ಅವನನ್ನೇ ಕರೆಸುತ್ತಿದ್ದ. ಈ ಪ್ರಶ್ನೆ ನನಗೆ ಯಾವತ್ತೂ ಹೊಳೆದಿರಲಿಲ್ಲ. ಕೈ ತೊಳೆದವಳೇ ಅಪ್ಪನಿಗೆ ಫೋನ್ ಮಾಡಿದೆ.

"ಅವ್ನಿಗೆ ಏಳಿದ್ದೆ ಕಣಮ್ಮ. ಮಾರನೇ ದಿನ ಬತ್ತೀನಂದಿದ್ದ. ನೀನು ಬೆಲ್ಟ್ ಬಿಚ್ಚಾಕ್ ಓದೆ ನೋಡು, ಆಗ್ಲೇ ಬರಬ್ಯಾಡ ಅಂದ್ಬಿಟ್ಟೆ."

"ನನ್ ಕೈಲಿ ಆಗ್ದೇ ಇದ್ದಿದ್ರೆ?"

"ಆಗೋದೇನು, ನೀನು ಕಲ್ತು ಬರೋಗಂಟ ಮಚ್ಚಲ್ಲಿ ಮೇವು ಕತ್ತರಿಸ್ತಿದ್ದೆ."