ನದಿ ಬಳಸಿ ಹೋಗುವ ಊರು

ನನ್ನ ಗಂಡ ತೀರಿಕೊಂಡದ್ದು ಪ್ಯಾರಿಸ್ಸಿನಲ್ಲಲ್ಲ. ಅಲ್ಲಿಂದ ಲೋಕಲ್ ರೈಲಿನಲ್ಲಿ ಅರ್ಧ ತಾಸು ಆಚೆ, ಸೇನ್ ನದಿ ಬಳಸಿಕೊಂಡು ಹೋಗುವ ಒಂದು ಊರಿನಲ್ಲಿ. ಕೊವೆಂಟ್ರಿಯಲ್ಲಿನ ತಮ್ಮ ಕಂಪನಿಯ ಕೆಲಸದ ಮೇಲೆ ಒಂದು ವರ್ಷಕ್ಕೆಂದು ಅಲ್ಲಿನ ಕಾರು ಕಾರ್ಖಾನೆಗೆ ಹೋಗಿದ್ದರು.

ಆ ಊರನ್ನು ನಾನು ನೋಡಿದ್ದು ಅವರ ಸಾಮಾನು ತರಲು ಹೋದಾಗ. ಆಮೇಲೆ ನಮ್ಮ ಮನೆಯಿರುವ ಹಾರ್ಬೋರ್ನ್‌ನ ಲೈಬ್ರರಿಯಲ್ಲಿ ಕುಳಿತು ಅದರ ಬಗ್ಗೆ ಓದಿಕೊಂಡೆ. ಮೊದಲು ದಿಬ್ಬದ ಮೇಲೆ ದ್ರಾಕ್ಷಿ, ಕೆಳಗಿನ ಮೆಕ್ಕಲು ಮಣ್ಣಿನಲ್ಲಿ ಪ್ಯಾರಿಸ್ಸಿಗೆ ಬೇಕಾದ ತರಕಾರಿ ಬೆಳೆಯುತ್ತಿದ್ದರಂತೆ. ರೈಲು ಬಂದು ಊರನ್ನು ಎರಡಾಗಿ ಸೀಳಿತು. ನದಿಯ ಕಡೆ ಸಿರಿವಂತರು ಮನೆ ಕಟ್ಟಿಸಿಕೊಂಡರು. ಹಳಿಯಾಚೆ ಕಾರ್ಖಾನೆ, ಕೂಲಿಗಳಿಗೆಂದು ಅವಸರದಲ್ಲಿ ಎಬ್ಬಿಸಿದ ತಗಡು ಚಾವಣಿಯ ಮನೆಗಳು. ನದಿಯ ಗಾಳಿ ಹಳಿ ದಾಟುವುದಿಲ್ಲ. ನನ್ನ ಗಂಡನಿಗೆ ಸಿಕ್ಕಿದ್ದು ಹಳಿಯಾಚೆ, ಆ ತಗಡಿನ ಕೆಳಗಿನ ಕೋಣೆ. ಆ ಆಗಸ್ಟಿನಲ್ಲಿ ಎಂದೂ ಇಲ್ಲದ ಬಿಸಿಲು. ಊರಿನವರು ವಾಡಿಕೆಯಂತೆ ಸಮುದ್ರದ ಕಡೆ ರಜೆಗೆ ಹೋಗಿದ್ದರು. ಬಾಗಿಲು ತಟ್ಟಿ ಕೇಳುವವರು ಯಾರೂ ಉಳಿದಿರಲಿಲ್ಲ.

ಕಲಬುರ್ಗಿಯವರು ಬಿಸಿಲಿಗೆ ಸತ್ತರೆಂದರೆ ನಮ್ಮವರಿಗೆ ನಾಚಿಕೆ. ಹಾರ್ಟ್ ಅಟ್ಯಾಕ್ ಎಂದೇ ಎಲ್ಲರಿಗೂ ಹೇಳಿದರು.

ವರ್ಷದ ತಿಥಿ ಕೊವೆಂಟ್ರಿಯಲ್ಲಿ, ಮೈದುನನ ಮನೆಯಲ್ಲಿ ನಡೆಯಿತು. ನೆಗೆಣ್ಣಿ ಪಕ್ಕಕ್ಕೆ ಬಂದು ಕೂತಳು.

“ವೈನಿ, ಪ್ಯಾರಿಸ್ನಾಗ ಜೀವಾ ಹೋಗೋದಂದ್ರ ಸಣ್ಣ ಮಾತೇನು? ಎಲ್ಲಾರಿಗೂ ಸಿಗ್ತದ?”

“ಹಳಿ ಆಚಿ ಮನಿ ಹಿಡದ್ರ ಸಿಗ್ತದ,” ಎಂದೆ.

ಆಚಾರ್ಯರು ಬೆಂಗಳೂರಿನವರು, ವಾರವೆಲ್ಲ ಸಾಫ್ಟ್‌ವೇರ್, ಶನಿವಾರ ಪೌರೋಹಿತ್ಯ. ಸಂಕಲ್ಪ ಹೇಳಿಸುತ್ತಾ ‘ಗೋದಾವರ್ಯಾಃ ದಕ್ಷಿಣೇ ತೀರೇ’ ಅಂದರು. ಮೈದುನನೂ ಅಂದ.

“ಇಲ್ಲಿ ಗೋದಾವರಿ ಎಲ್ಲದ ಆಚಾರ್ರ?” ಎಂದು ಕೇಳಿದೆ.

“ಬಾಯಿಪಾಠ ಅಮ್ಮ, ಬಂದ್ಬಿಡತ್ತೆ. ಈ ದೇಶಕ್ಕೆ ಯಾವ ನದಿ ಹೇಳ್ಬೇಕು ಅಂತ ಒಬ್ಬೊಬ್ರು ಒಂದೊಂದು ಹೇಳ್ತಾರೆ.”

“ಹಂಗಾರ ಸೇನ್ ಅನ್ರಿ. ಅವ್ರು ಹೋದ ಊರಿನ ಹೆಸರೂ ಹೇಳ್ರಿ.”

“ಹಾಗಾಗಲ್ಲ ಅಮ್ಮ. ನಾವು ಕೂತಿರೋ ಜಾಗ ಹೇಳ್ಬೇಕು. ಅವರು ತೀರ್ಕೊಂಡ ಜಾಗ ಸಂಕಲ್ಪದಲ್ಲಿ ಬರಲ್ಲ.”

ಎಳ್ಳು ಹಿಡಿದ ಕೈಯನ್ನು ಹಾಗೇ ಚಾಚಿಕೊಂಡಿದ್ದ ಮೈದುನ, “ವೈನಿ, ಮುಗೀಲಿ ಬಿಡ್ರಿ. ಅಡಗಿ ಆರ್ಲಿಕತ್ತದ,” ಅಂದ.

ಆಚಾರ್ಯರು ಮತ್ತೆ ಮೊದಲಿನಿಂದ ಹೇಳಿಸಿದರು, ಗೋದಾವರಿಯನ್ನೂ ಸೇರಿಸಿ. ನಾನು ಎದ್ದು ಅಡುಗೆಮನೆಗೆ ಹೋದೆ. ಆ ಊರಿನ ಹೆಸರನ್ನು ಒಬ್ಬಳೇ ಗಟ್ಟಿಯಾಗಿ ಹೇಳಿದೆ. ಉಚ್ಚಾರ ಸರಿಯಾಗಿತ್ತೋ ಇಲ್ಲವೋ, ತಿದ್ದಲು ನನ್ನ ಗಂಡ ಇರಲಿಲ್ಲ.