ಬೇತೆ ಎಂಬ ಶಬ್ದ

ಮೊನ್ನೆ ನಮ್ಮೂರು ಲಾಯಿಲದಲ್ಲಿ ಬಸ್ಸಿಗೆ ಕಾಯುವಾಗ ಹಸಿ ಪೇಂಟಿನ ವಾಸನೆ ಮೂಗಿಗೆ ಹೊಡೆಯಿತು. ಯಾರೋ ಗೋಡೆಯ ಮೇಲೆ ‘ಪ್ರತ್ಯೇಕ ತುಳುನಾಡು ರಾಜ್ಯ’ ಎಂದು ಬರೆದು ಹೋಗಿದ್ದರು. ಓದಿದ್ದೇ ತಡ, ನಮ್ಮ ಪಕ್ಕದ ಮನೆಯ ಮಾಸ್ಟ್ರು ಕಣ್ಣೆದುರು ಬಂದರು. ಇದ್ದಿದ್ದರೆ ಆ ‘ಪ್ರತ್ಯೇಕ’ದ ಮೇಲೆ ಸುಣ್ಣ ಬಳಿದೇ ಬಸ್ಸು ಹತ್ತುತ್ತಿದ್ದರು.

ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ತುಳುನಾಡು ರಾಜ್ಯ ಆಗಲೇಬೇಕು ಎಂಬ ಹಟ. ಅದೇ ಮನೆಯಲ್ಲಿದ್ದ ಅವರ ಅಣ್ಣನಿಗೆ ಅದು ಕೂಡದೆಂಬ ಹಟ. ಸಂಜೆಯಾದರೆ ಜಗಲಿಯಲ್ಲಿ ಜಟಾಪಟಿ. ಅಣ್ಣ ‘ಒಡೆಯುವುದು’ ಎಂದರೆ ತಮ್ಮ ‘ಪಡೆಯುವುದು’ ಎನ್ನುವರು. ಹೆಸರಿಟ್ಟವನು ಆಗಲೇ ಅರ್ಧ ಗೆದ್ದ ಎಂಬುದು ಮಾಸ್ಟ್ರ ನಂಬಿಕೆ. ವಾದ ಮುಗಿದ ಮೇಲೆ ಇಬ್ಬರೂ ತಾಯಿ ಬಡಿಸಿದ ಗಂಜಿಗೆ ಒಟ್ಟಿಗೆ ಕೂರುತ್ತಿದ್ದರು.

ಒಮ್ಮೆ ಮೂಡುಬಿದಿರೆಯ ಒಂದು ವಿಚಾರಗೋಷ್ಠಿಗೆ ಅವರ ಜೊತೆ ನಾನೂ ಹೋಗಿದ್ದೆ. ಬ್ಯಾನರಿನಲ್ಲಿ ‘ಪ್ರತ್ಯೇಕ ರಾಜ್ಯ: ಬೇಕೇ, ಬೇಡವೇ?’ ಎಂದಿತ್ತು. ಮಾಸ್ಟ್ರು ಸಿಡುಕಿದರು.

“ಪ್ರತ್ಯೇಕ ಅಂತ ಹಾಕಿದ ಮೇಲೆ ನಾನು ಮಾತಾಡ್ಲಿಕ್ಕೆ ಏನುಂಟು? ನಾವು ಜಗಳಗಂಟರು ಅಂತ ನೀವೇ ಹೇಳಿ ಆಯ್ತಲ್ಲ!”

ಸಂಘಟಕರು ನಕ್ಕರು. “ಒಂದು ಶಬ್ದ ಅಲ್ವಾ, ಬಿಡಿ ಮಾರಾಯ್ರೆ.”

ಮಾಸ್ಟ್ರು ಆ ಬಿಸಿಯಲ್ಲೇ ಮೈಕ್ ಹಿಡಿದು ತುಳುವಿನಲ್ಲಿ ಮಾತಾಡಿದರು. ಚಪ್ಪಾಳೆ ಬಿದ್ದಷ್ಟೂ ಆವೇಶ ಏರಿತು… ಕೊನೆಗೆ ಅವರ ಬಾಯಿಂದಲೇ ಬಂತು, “ನಮ ಬೇತೆ ಆವೊಡು!” ನಾವು ಬೇರೆಯಾಗಬೇಕು ಅಂತ. ಪ್ರತ್ಯೇಕ ಎನ್ನಲು ತುಳುವಿನಲ್ಲಿ ತಟ್ಟನೆ ಸಿಗುವ ಶಬ್ದ ಅದೇ, ಬೇತೆ. ಅಣ್ಣತಮ್ಮಂದಿರು ಒಲೆ ಬೇರೆ ಮಾಡಿಕೊಳ್ಳುವುದಕ್ಕೂ ನಮ್ಮಲ್ಲಿ ಅದೇ ಶಬ್ದ.

ಅಷ್ಟೇ ತುಂಡು ವೀಡಿಯೋ ಯಾರದೋ ಮೊಬೈಲಿನಲ್ಲಿ ನಮಗಿಂತ ಮೊದಲು ಲಾಯಿಲ ಮುಟ್ಟಿತ್ತು. ನಾವು ಹೋಗುವಾಗ ಅವರ ತಾಯಿ ಅದನ್ನು ನೋಡಿ, ಅಡುಗೆಮನೆಯ ಪಾತ್ರೆಗಳನ್ನೆಲ್ಲ ಎರಡು ಪಾಲು ಮಾಡಿಟ್ಟು ಕೂತಿದ್ದರು. ಮಾಸ್ಟ್ರು ಎದುರಿಗೆ ಕುಳಿತು ರಾಜ್ಯ, ಜಿಲ್ಲೆ, ಗಡಿ ಎಂದೆಲ್ಲ ವಿವರಿಸಿದರು. ತಾಯಿ ಪೂರ್ತಿ ಕೇಳಿ ತುಳುವಿನಲ್ಲೇ ಅಂದರು, “ಆಯ್ತು ಮಗ. ಆದರೆ ನಾನು ಯಾರ ಪಾಲಿಗೆ?”

ಆಮೇಲೆ ಮಾಸ್ಟ್ರು ಮೈಕ್ ಮುಟ್ಟಲಿಲ್ಲ. ಅಮ್ಮ ಹೆದರದಂಥ ಒಂದು ತುಳು ಶಬ್ದ ಸಿಗಲಿ, ಮತ್ತೆ ಮಾತಾಡ್ತೇನೆ ಎನ್ನುತ್ತಿದ್ದರು. ನೆರಿಯ ಊರಿನ ಕಡೆಯ ಹಿರಿಯರನ್ನೂ ಕೇಳಿ ಬಂದರು. ಹುಡುಕುತ್ತಿರುವಾಗಲೇ ತಾಯಿ ತೀರಿಕೊಂಡರು, ಸ್ವಲ್ಪ ಸಮಯದಲ್ಲಿ ಮಾಸ್ಟ್ರೂ…

ಅವರ ಜಗಲಿ ಈಗ ತಣ್ಣಗಿದೆ. ಅದು ನನಗೆ ಇವತ್ತಿಗೂ ಅಭ್ಯಾಸವಾಗಿಲ್ಲ. ನಿನ್ನೆ ಮಾಸ್ಟ್ರ ಅಣ್ಣ ಬೇಲಿಯ ಹತ್ತಿರ ಕರೆದು, ಮೊಮ್ಮಗಳಿಗೆ ಕಾಲೇಜಿನಲ್ಲಿ ಇದೇ ವಿಷಯದ ಚರ್ಚಾಸ್ಪರ್ಧೆ ಉಂಟು, ವಿರೋಧದ ಪಕ್ಷ ಹೇಳಿಕೊಡಿ ಅಂತ ಕೇಳಿದಳು ಎಂದರು.

“ಹೇಳಿಕೊಡ್ಲಿಕ್ಕೆ ಕೂತೆ ಮಾರಾಯ. ಬಾಯಿಗೆ ಬಂದದ್ದೆಲ್ಲ ಅವನ ಮಾತೇ.”