ಒದ್ದೆ ರಜಾಯಿ ಹಾರುತ್ತದೆಯೇ?

ನನ್ನ ಅಕ್ಕನದು ಲಾಂಡ್ರಿ ಅಂಗಡಿ. ಮುಂದೆ ಕೌಂಟರು, ಹಿಂದೆ ಉದ್ದನೆಯ ಕೋಣೆ, ಅದರ ತುಂಬ ಸದಾ ಆವಿ. ಯಾರಾದರೂ ಪ್ಯಾಂಟು ತಂದು ಹಾಕಿದರೆ ಅಕ್ಕ ಅವರ ಮುಖ ನೋಡುವ ಮೊದಲು ಪ್ಯಾಂಟಿನ ಮೊಣಕಾಲು ನೋಡುತ್ತಾಳೆ. "ಇದು ಗ್ರೀಸು, ಮಸಿ ಅಲ್ಲ. ನಿಜ ಹೇಳಿದ್ರೆ ಕಲೆ ಹೋಗತ್ತೆ" ಎಂದು ಗದರುತ್ತಾಳೆ. ಡಾಕ್ಟರಿಗೂ ಹೇಳದ್ದನ್ನು ಗಿರಾಕಿಗಳು ಅವಳಿಗೆ ಹೇಳಿಬಿಡುತ್ತಾರೆ.

ಬಟ್ಟೆಯ ವಿಷಯದಲ್ಲಿ ಅವಳಿಗೆ ಸುಳ್ಳು ಆಗಿಬರುವುದಿಲ್ಲ. ಹಾಗಾಗಿ ಅವಳ ಜೊತೆ ಸಿನಿಮಾ ನೋಡುವುದು ಕಷ್ಟ. ಬೆಕ್ಕು ಮಾತಾಡಲಿ, ಮಂಚ ನಡೆಯಲಿ, ಬಾಯಿ ಬಿಟ್ಟುಕೊಂಡು ನೋಡುತ್ತಾಳೆ. ಆದರೆ ಹೊಳೆಗೆ ಬಿದ್ದವನು ಮುಂದಿನ ದೃಶ್ಯದಲ್ಲಿ ಗರಿಗರಿ ಅಂಗಿ ತೊಟ್ಟು ನಿಂತರೆ ಮುಗಿಯಿತು. ಹೋದ ಸಲದ ಸಿನಿಮಾದಲ್ಲಿ ರಾಜಕುಮಾರಿ ಕೆಸರಲ್ಲಿ ಬಿದ್ದು ಎದ್ದಳು, ಬಿಳಿ ಲಂಗಕ್ಕೆ ಒಂದು ಚುಕ್ಕೆಯೂ ಅಂಟಿರಲಿಲ್ಲ. "ಯಾವ ಸೋಪು ಅಂತ ಕೇಳ್ರೋ!" ಎಂದು ಅಕ್ಕ ಕೂಗಿದಳು. ಥಿಯೇಟರು ಗೊಳ್ಳೆಂದಿತು. ರಾಜಕುಮಾರಿಯ ಜೊತೆ ಅಳುತ್ತಿದ್ದ ನನ್ನ ಎಂಟು ವರ್ಷದ ಮಗಳು ಇನ್ನೂ ಜೋರಾಗಿ ಅತ್ತಳು. "ಇನ್ಮೇಲೆ ಅತ್ತೆ ಬೇಡ" ಎಂದಳು.

ಅಕ್ಕನಿಗೆ ಮಕ್ಕಳಿಲ್ಲ. ಈ ಹುಡುಗಿಯ ಪಕ್ಕ ಕೂತು ಸಿನಿಮಾ ನೋಡುವುದೇ ಅವಳಿಗಿರುವ ಮೋಜು. ಆ ಮಾತಿಗೆ ನಕ್ಕಳೇನೋ ನಿಜ, ಆದರೆ ಮರುದಿನ ಒಂದೇ ಕಾಲರಿಗೆ ಎರಡು ಸಲ ಗಂಜಿ ಹಾಕಿದಳಂತೆ.

ರಜೆಯಲ್ಲಿ ಹಾರುವ ರಜಾಯಿಯ ಸಿನಿಮಾ ಬಂತು. ಅಕ್ಕ ಮಗಳ ಜೊತೆ ರಾಜಿಗೆ ಕೂತಳು.

"ಒಂದ್ ಮಾತೂ ಆಡಲ್ಲ ನನ್ನ ತಾಯಿ."

"ಆಡಿದ್ರೆ?"

"ಎದ್ದು ಹೊರಗೆ ಹೋಗ್ತೀನಿ."

"ಯಾರು ಮಾತಾಡಿದ್ರೂ ಹೊರಗೆ, ಅಪ್ಪ ಆದ್ರೂ" ಎಂದು ಮಗಳು ಕಾನೂನು ವಿಸ್ತರಿಸಿದಳು. "ಇದೊಂದೇ ಸಲ. ಕೆಡಿಸಿದ್ರೆ ಇನ್ಯಾವತ್ತೂ ಕರಿಯಲ್ಲ."

ಸಿನಿಮಾದಲ್ಲಿ ಅಜ್ಜಿಯ ಹಳೆಯ ಹತ್ತಿ ರಜಾಯಿಯ ಮೇಲೆ ಇಡೀ ಸಂಸಾರ ಕೂತು ಬೆಟ್ಟ ದಾಟಿತು. ಅದಕ್ಕೆ ಅಕ್ಕನ ತಕರಾರಿರಲಿಲ್ಲ. ಆಮೇಲೆ ರಜಾಯಿ ಸರೋವರಕ್ಕೆ ಬಿದ್ದು ಮುಳುಗಿತು, ಮರುಕ್ಷಣ ಎಲ್ಲರನ್ನೂ ಹೊತ್ತು ರೊಯ್ಯನೆ ಮೇಲೆದ್ದಿತು. ಕಂಪ್ಯೂಟರಿನಲ್ಲಿ ಬರೆದ ನೀರು ಗಾಜಿನ ಹಾಗೆ ಮಿನುಗಿತೇ ಹೊರತು ಒಂದು ಹನಿಯೂ ತೊಟ್ಟಿಕ್ಕಲಿಲ್ಲ.

ಹತ್ತಿ ತನ್ನ ತೂಕದ ಹಲವು ಪಟ್ಟು ನೀರು ಹೀರುತ್ತದೆ. ನನಗೆ ಇದು ಓದಿ ಗೊತ್ತು, ಅಕ್ಕನಿಗೆ ಒದ್ದೆ ರಜಾಯಿ ಎತ್ತಿ ಎತ್ತಿ ನೊಂದ ಸೊಂಟದಿಂದ ಗೊತ್ತು. ಅವಳ ಕಡೆ ನೋಡಿದೆ. ಕರವಸ್ತ್ರ ಬಾಯಿಗೆ ತುರುಕಿಕೊಂಡು ಕಣ್ಣು ಅಗಲಿಸಿಕೊಂಡು ಕೂತಿದ್ದಳು. ಆದರೆ ಸೊಲ್ಲಿಲ್ಲ.

"ಅದು ಒದ್ದೆ! ಮೊದಲು ಹಿಂಡ್ರೋ, ಎಲ್ಲರೂ ಬೀಳ್ತೀರಾ!"

ಕಿರುಚಿದ್ದು ಮಗಳು. ಸೀಟಿನ ಮೇಲೆ ನಿಂತಿದ್ದಳು. ಶಾಲೆ ಬಿಟ್ಟ ಮೇಲೆ ದಿನವೂ ಅತ್ತೆಯ ಲಾಂಡ್ರಿಯಲ್ಲೇ ಇರುವವಳು, ನಿಜವಾಗಿಯೇ ಗಾಬರಿಯಾಗಿದ್ದಳು.

ಅಕ್ಕ ಕರವಸ್ತ್ರ ಕಿತ್ತು, ಜನ್ಮದಲ್ಲಿ ಮೊದಲ ಸಲ ಬಟ್ಟೆಯ ಬಗ್ಗೆ ಸುಳ್ಳು ಹೇಳಿದಳು. "ಅದು ಮಾಯದ್ದು ಕಣೆ, ನೀರು ಹಿಡಿಯಲ್ಲ."

"ಸುಳ್ಳು ಹೇಳ್ಬೇಡ ಅತ್ತೆ, ಅದು ಹತ್ತಿ!"

ಹಿಂದಿನ ಸಾಲಿನವರು ಶ್ ಎಂದರು. ಆಗ ಮಗಳಿಗೆ ತನ್ನ ಕಾನೂನು ನೆನಪಾಯಿತು. ಮೋರೆ ಇಷ್ಟು ಚಿಕ್ಕದಾಯಿತು. ಇಳಿದು ಬಾಗಿಲ ಕಡೆ ನಡೆದಳು. "ನಾನೂ ಮಾತಾಡಿದೆನಲ್ಲ" ಎಂದು ಅಕ್ಕ ಅವಳ ಹಿಂದೆಯೇ ಓಡಿದಳು.

ನಾನು ಕೂತೇ ಇದ್ದೆ. ಪರದೆಯ ಮೇಲೆ ಬಿಳಿ ಕೋಟಿನ ವಿಜ್ಞಾನಿಯೊಬ್ಬ ಬಂದು, ರಜಾಯಿ ಹಾರುವುದು ನೂಲಿನೊಳಗಿನ ಕಾಂತ ಕಿರಣಗಳಿಂದ ಎಂದು ಬೋರ್ಡಿನಲ್ಲಿ ಬರೆದು ವಿವರಿಸತೊಡಗಿದ. ಅಲ್ಲಿಯತನಕ ಅದು ಹಾರುತ್ತದೆಂದು ನಂಬಿದ್ದೆ. ಈಗ ಮಾಯೆಯೂ ಹೋಯಿತು, ವಿಜ್ಞಾನವೂ ಹೋಯಿತು. ಎದ್ದು ಬಂದೆ.

ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದರು.

"ಮೇಲೆ ಹೋದ್ಮೇಲೆ ಅದು ಗಿರಗಿರ ತಿರುಗಬೇಕು" ಎನ್ನುತ್ತಿದ್ದಳು ಅಕ್ಕ. "ನೀರೆಲ್ಲ ಸಿಡಿದು ಹೋಗತ್ತೆ."

"ಅದರ ಮೇಲೆ ಕೂತೋರು?"

"ಅವರೂ ಸಿಡಿದು ಹೋಗ್ತಾರೆ. ಅದೇ ಕಷ್ಟ."

"ಸರಿಯಾಗಿ ನಡುವೆ ಕೂತ್ರೆ?"

ಅಕ್ಕ ಯೋಚಿಸಿದಳು. "ಉಳ್ಕೋತಾರೆ. ತಲೆ ತಿರುಗತ್ತೆ ಅಷ್ಟೆ."

"ಅಜ್ಜಿ ವಾಂತಿ ಮಾಡ್ಕೋತಾರೆ."

"ಹಾಗಾದ್ರೆ ರಜಾಯಿ ಮತ್ತೆ ತೊಳೀಬೇಕು!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕು ಪಕ್ಕದಲ್ಲಿ ಕೂರಲು ಹೋದೆ. ಮಗಳು ಅತ್ತೆಗೆ ಒರಗಿಕೊಂಡು ನನ್ನನ್ನು ತಡೆದಳು.

"ಅಪ್ಪ, ಮುಂದಿನ ಸಿನಿಮಾಗೆ ನಾನು, ಅತ್ತೆ ಇಬ್ರೇ ಹೋಗ್ತೀವಿ. ನೀನು ಸುಮ್ನೆ ಕೂತಿರ್ತೀಯ. ಒಂಚೂರೂ ಮಜಾ ಇಲ್ಲ."